ಮಕ್ಕಳಿಗೆ ಹೇಳಬೇಕಾದ ಚಲನಚಿತ್ರದ ಕಥೆ

ಬಾಲ್ಯದ ಪ್ರಶ್ನೆಗಳು ಚಿಕ್ಕವು. ಅವುಗಳ ಉತ್ತರಗಳು ದೊಡ್ಡವು. "ಸಿನಿಮಾ ಕಂಡುಹಿಡಿದವರು ಯಾರು, ಗುರುಗಳೇ?" ಎಂದು ನಾಲ್ಕನೆಯ ತರಗತಿಯ ಬಾಲಕನೊಬ್ಬ ಕೇಳಿದನೆಂದರೆ ಉಪಾಧ್ಯಾಯರ ಮುಂದೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಸಾಮಾನ್ಯಜ್ಞಾನದ ಪುಸ್ತಕವನ್ನು ತೆರೆದು ಒಂದು ಹೆಸರನ್ನು ಹೇಳಿಬಿಡುವುದು ಮೊದಲನೆಯ ದಾರಿ. ಆ ಹೆಸರು ಕೆಲವು ಪುಸ್ತಕಗಳಲ್ಲಿ ಎಡಿಸನ್ ಎಂದಿರುತ್ತದೆ, ಇನ್ನು ಕೆಲವುಗಳಲ್ಲಿ ಲೂಮಿಯೇರ್ ಸಹೋದರರು ಎಂದಿರುತ್ತದೆ. ಬಾಲಕ ಅದನ್ನು ಬಾಯಿಪಾಠ ಮಾಡುತ್ತಾನೆ, ಪರೀಕ್ಷೆಯಲ್ಲಿ ಒಂದು ಅಂಕವನ್ನು ಪಡೆಯುತ್ತಾನೆ, ಮರೆಯುತ್ತಾನೆ. ಎರಡನೆಯ ದಾರಿ ಸ್ವಲ್ಪ ದೀರ್ಘವಾದದ್ದು. ಒಂದು ರಟ್ಟಿನ ಬಿಲ್ಲೆ, ಒಂದು ಮೊಳ ದಾರ, ಒಂದು ಹಳೆಯ ನೋಟುಪುಸ್ತಕ, ಇಷ್ಟನ್ನು ಮೇಜಿನ ಮೇಲಿಟ್ಟುಕೊಂಡು ಆ ಕಥೆಯನ್ನು ಮೊದಲಿನಿಂದ ಹೇಳುವುದು. ಈ ಎರಡನೆಯ ದಾರಿಯೇ ಏಕೆ ಯೋಗ್ಯವೆಂಬುದು ಇಂದು ವಿಚಾರಾರ್ಹವಾದ ಸಂಗತಿ. ಏಕೆಂದರೆ ಹಿಂದಿನ ತಲೆಮಾರಿನ ಮಕ್ಕಳು ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ಕಾಣುತ್ತಿದ್ದ ಚಲಿಸುವ ಚಿತ್ರವನ್ನು ಇಂದಿನ ಮಗು ಮಾತು ಕಲಿಯುವ ಮೊದಲೇ ಅಂಗೈಯಲ್ಲಿ ಹಿಡಿದಿರುತ್ತದೆ. ಅಷ್ಟು ಹತ್ತಿರವಿರುವ ವಸ್ತುವಿನ ಒಳಗುಟ್ಟು ಅದಕ್ಕೆ ತಿಳಿಯದಿದ್ದರೆ ಅದು ಶಿಕ್ಷಣದ ಲೋಪವೇ ಸರಿ.

ಕನ್ನಡ ನಾಡಿನ ಮಕ್ಕಳಿಗೆ ಈ ಕಥೆಯನ್ನು ಪರದೇಶದಿಂದ ಆರಂಭಿಸಬೇಕಾದ ಅಗತ್ಯವಿಲ್ಲ. ಬಿಳಿಯ ಪರದೆ, ಅದರ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಬಣ್ಣ ಹಚ್ಚಿದ ತೊಗಲಿನ ಗೊಂಬೆ, ಜೊತೆಗೆ ಹಾಡು ಮತ್ತು ಮಾತು. ಇಷ್ಟರಿಂದಲೇ ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಇರುಳೆಲ್ಲ ಆಡಿ ತೋರಿಸುವ ತೊಗಲುಗೊಂಬೆಯಾಟ ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕತ್ತಲಲ್ಲಿ ಕುಳಿತು ಬೆಳಕಿನ ತೆರೆಯನ್ನು ನೋಡುವುದು, ತೆರೆಯ ಮೇಲಿನ ನೆರಳನ್ನು ನಿಜವೆಂದು ಒಪ್ಪಿ ನಗುವುದು, ಅಳುವುದು, ಇವೆಲ್ಲ ಸಿನಿಮಾ ಬರುವ ಮೊದಲೇ ನಮ್ಮ ಜನಕ್ಕೆ ಅಭ್ಯಾಸವಾಗಿದ್ದವು. ಆದರೆ ಅಲ್ಲಿ ಗೊಂಬೆಯನ್ನು ಕುಣಿಸುವ ಕೈ ನಿಜವಾಗಿಯೂ ಚಲಿಸುತ್ತಿತ್ತು. ಸಿನಿಮಾದಲ್ಲಿ ಕುಣಿಯುವ ಗೊಂಬೆಯೂ ಇಲ್ಲ, ಕುಣಿಸುವ ಕೈಯೂ ಇಲ್ಲ. ಅಲ್ಲಿರುವುದು ಅಲುಗಾಡದ ಚಿತ್ರಗಳ ಸಾಲು ಮಾತ್ರ. ಅಲುಗಾಡದ ಚಿತ್ರ ಅಲುಗಾಡಿದಂತೆ ಕಾಣುವುದು ಹೇಗೆ? ಕಥೆಯ ತಿರುಳು ಇಲ್ಲಿದೆ.

ಈಗ ರಟ್ಟಿನ ಬಿಲ್ಲೆಯನ್ನು ಕೈಗೆತ್ತಿಕೊಳ್ಳಬೇಕು. ಒಂದು ಬದಿಗೆ ಹಕ್ಕಿಯ ಚಿತ್ರ, ಇನ್ನೊಂದು ಬದಿಗೆ ಪಂಜರದ ಚಿತ್ರ. ಎಡಕ್ಕೂ ಬಲಕ್ಕೂ ಒಂದೊಂದು ತೂತು, ತೂತಿಗೆ ದಾರ. ಹಿಂಬದಿಯ ಚಿತ್ರವನ್ನು ತಲೆಕೆಳಗಾಗಿ ಬರೆಯಬೇಕೆಂಬುದನ್ನು ಮರೆಯಬಾರದು. ದಾರವನ್ನು ಹುರಿಗೊಳಿಸಿ ಬಿಟ್ಟರೆ ಬಿಲ್ಲೆ ಗಿರ್ರನೆ ತಿರುಗುತ್ತದೆ, ಹೊರಗಿದ್ದ ಹಕ್ಕಿ ಪಂಜರದೊಳಗೆ ಕುಳಿತಂತೆ ಕಾಣುತ್ತದೆ. 1825ರಲ್ಲಿ ಲಂಡನ್ನಿನಲ್ಲಿ ಮಾರಾಟಕ್ಕೆ ಬಂದ ಈ ಆಟಿಕೆಗೆ ಥಾಮಟ್ರೋಪ್ ಎಂದು ಹೆಸರು. ಅದನ್ನು ಪ್ರಚಾರಕ್ಕೆ ತಂದವರಲ್ಲಿ ಮುಖ್ಯರಾದ ಜಾನ್ ಏರ್ಟನ್ ಪ್ಯಾರಿಸ್ ಎಂಬವರು ಒಬ್ಬ ವೈದ್ಯರು. ಎರಡು ಚಿತ್ರಗಳನ್ನು ಬೇಗಬೇಗನೆ ತೋರಿಸಿದರೆ ಮನುಷ್ಯನಿಗೆ ಅವು ಬೇರೆಬೇರೆಯಾಗಿ ಕಾಣುವುದಿಲ್ಲವೆಂಬ ಸತ್ಯ ಆ ಬಿಲ್ಲೆಯಿಂದ ಬೀದಿಯ ಮಕ್ಕಳಿಗೂ ತಿಳಿಯಿತು.

ಎರಡು ಚಿತ್ರಗಳ ಜಾಗದಲ್ಲಿ ಹತ್ತು ಹದಿನಾರು ಚಿತ್ರಗಳನ್ನಿಟ್ಟು, ಒಂದಕ್ಕಿಂತ ಮತ್ತೊಂದನ್ನು ಕೊಂಚ ಬದಲಿಸುತ್ತ ಹೋದರೇನಾದೀತು? ಬೆಲ್ಜಿಯಂ ದೇಶದ ಜೋಸೆಫ್ ಪ್ಲೇಟೋ 1832ರಲ್ಲಿ ಇದಕ್ಕೆ ಉತ್ತರ ಕಂಡರು. ಒಂದು ದೊಡ್ಡ ಬಿಲ್ಲೆಯ ಅಂಚಿನಲ್ಲಿ ಸಾಲಾಗಿ ಚಿತ್ರಗಳು, ಅವುಗಳ ನಡುವೆ ಸೀಳುಗಂಡಿಗಳು. ಬಿಲ್ಲೆಯನ್ನು ಕನ್ನಡಿಯ ಎದುರು ತಿರುಗಿಸುತ್ತ ಗಂಡಿಯ ಮೂಲಕ ನೋಡಿದರೆ ಕನ್ನಡಿಯಲ್ಲಿ ಮನುಷ್ಯ ಕುಣಿಯುತ್ತಾನೆ, ಕುದುರೆ ಓಡುತ್ತದೆ. ಆಸ್ಟ್ರಿಯಾದ ಸೈಮನ್ ಸ್ಟಾಂಪ್‌ಫರ್ ಸಹ ಅದೇ ಸಮಯದಲ್ಲಿ, ಪ್ಲೇಟೋ ಅವರ ಅರಿವಿಲ್ಲದೆಯೇ, ಅಂತಹುದೇ ಬಿಲ್ಲೆಯನ್ನು ಮಾಡಿದ್ದರು. ನೋಟದ ರಹಸ್ಯವನ್ನು ಬಿಡಿಸಿದ ಪ್ಲೇಟೋ 1843ರ ವೇಳೆಗೆ ಪೂರ್ಣವಾಗಿ ಕಣ್ಣು ಕಳೆದುಕೊಂಡರೂ ಸಂಶೋಧನೆಯನ್ನು ಬಿಡಲಿಲ್ಲ. ಲೋಕದ ಕಣ್ಣಿಗೆ ಹಬ್ಬವನ್ನು ಮಾಡಿದವರ ಬದುಕು ಕತ್ತಲಲ್ಲಿ ಕಳೆಯಿತೆಂಬುದನ್ನು ಕೇಳಿ ತರಗತಿಯ ಮಕ್ಕಳು ಕ್ಷಣಕಾಲ ಮೌನವಾದರೆ ಆಶ್ಚರ್ಯವಿಲ್ಲ.

ಕಣ್ಣಿನಲ್ಲಿ ಹಿಂದಿನ ಚಿತ್ರದ ಛಾಯೆ ಕೊಂಚ ಕಾಲ ಉಳಿಯುವುದೇ ಇದಕ್ಕೆಲ್ಲ ಕಾರಣವೆಂದು ಹಳೆಯ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಈ ವಿವರಣೆಯೊಂದೇ ಸಾಲದೆಂದು ಇಂದಿನ ವಿಜ್ಞಾನಿಗಳ ಅಭಿಪ್ರಾಯ. ಛಾಯೆ ಮಾತ್ರ ಉಳಿಯುವುದಾದರೆ ಚಿತ್ರಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗಬೇಕಾಗಿತ್ತು. ವಾಸ್ತವವಾಗಿ ಒಂದು ನಿಲುವಿಗೂ ಇನ್ನೊಂದು ನಿಲುವಿಗೂ ನಡುವಿನ ಚಲನೆಯನ್ನು ತುಂಬಿಕೊಳ್ಳುವುದು ಮಿದುಳು. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು: ಚಿತ್ರವನ್ನು ಕಣ್ಣು ನೋಡುತ್ತದೆ, ಓಟವನ್ನು ಮನಸ್ಸು ಜೋಡಿಸುತ್ತದೆ. ಆದ್ದರಿಂದ ಪ್ರತಿಯೊಂದು ಚಲನಚಿತ್ರದಲ್ಲಿಯೂ ನೋಡುವವನ ಕೆಲಸ ಒಂದಿಷ್ಟು ಸೇರಿರುತ್ತದೆ.

ಇಲ್ಲಿಯವರೆಗಿನ ಚಿತ್ರಗಳೆಲ್ಲ ಕೈಯಿಂದ ಬರೆದವು. ಅವುಗಳ ಪರಾಕಾಷ್ಠೆಯೆಂದರೆ ಫ್ರಾನ್ಸಿನ ಎಮಿಲ್ ರೆನೋ ಅವರ ಸಾಧನೆ. ಅವರು ಉದ್ದನೆಯ ಪಟ್ಟಿಗಳ ಮೇಲೆ ನೂರಾರು ಚಿತ್ರಗಳನ್ನು ಸ್ವಹಸ್ತದಿಂದ ಬಣ್ಣದಲ್ಲಿ ಬರೆದು, 1892ರ ಅಕ್ಟೋಬರ್ 28ರಂದು ಪ್ಯಾರಿಸ್ಸಿನಲ್ಲಿ ತೆರೆಯ ಮೇಲೆ ತೋರಿಸಿದರು. ಅವರ ಒಂದು ಕಥೆಗೆ 500 ಚಿತ್ರಗಳು ಬೇಕಾದವು. ಮುಂದಿನ ಎಂಟು ವರ್ಷಗಳಲ್ಲಿ ಸುಮಾರು ಐದು ಲಕ್ಷ ಜನ ಅವರ ಪ್ರದರ್ಶನಗಳನ್ನು ನೋಡಿದರು. ಅಷ್ಟರಲ್ಲಿ ಛಾಯಾಗ್ರಹಣದ ಸಿನಿಮಾ ಬಂದಿತು, ಜನ ಅತ್ತ ತಿರುಗಿದರು. ಮನನೊಂದ ರೆನೋ ತಮ್ಮ ಚಿತ್ರಪಟ್ಟಿಗಳಲ್ಲಿ ಬಹುಪಾಲನ್ನು ಸೇನ್ ನದಿಗೆ ಎಸೆದುಬಿಟ್ಟರು. ಇಂದು ಉಳಿದಿರುವವು ಎರಡೇ.

ಛಾಯಾಗ್ರಹಣ ಈ ಕಥೆಯೊಳಗೆ ಕಾಲಿಟ್ಟದ್ದು ಒಂದು ಕುದುರೆಯ ಬೆನ್ನೇರಿ ಎಂದರೆ ಮಕ್ಕಳಿಗೆ ಹರ್ಷವಾದೀತು. ಓಡುವ ಕುದುರೆಯ ನಾಲ್ಕು ಕಾಲುಗಳೂ ಏಕಕಾಲಕ್ಕೆ ನೆಲ ಬಿಡುತ್ತವೆಯೇ ಎಂಬ ಪ್ರಶ್ನೆ ಬಹು ಹಳೆಯದು. ಅದು ಬರಿಗಣ್ಣಿಗೆ ನಿಲುಕದ ಸಂಗತಿ. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ರೈಲ್ವೆ ಒಡೆಯರೂ ಕುದುರೆಗಳ ಪ್ರೇಮಿಯೂ ಆಗಿದ್ದ ಲೀಲಂಡ್ ಸ್ಟ್ಯಾನ್‌ಫರ್ಡ್ ಈ ಕೆಲಸವನ್ನು ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕರಿಗೆ ವಹಿಸಿದರು. 1878ರ ಜೂನ್ ತಿಂಗಳಲ್ಲಿ ಮೈಬ್ರಿಜ್ ಓಟದ ದಾರಿಯ ಬದಿಗೆ ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ದಾರಿಗೆ ಅಡ್ಡಲಾಗಿ ದಾರಗಳನ್ನು ಕಟ್ಟಿದರು. ಕುದುರೆ ಓಡುತ್ತ ಒಂದೊಂದು ದಾರವನ್ನು ಹರಿದಂತೆ ಒಂದೊಂದು ಕ್ಯಾಮೆರಾ ಚಿತ್ರವನ್ನು ಹಿಡಿಯಿತು. ನಾಲ್ಕು ಕಾಲುಗಳೂ ನೆಲ ಬಿಡುವುದು ನಿಜವೆಂದು ರುಜುವಾತಾಯಿತು. ಆದರೆ ಕುದುರೆಯ ಕಾಲುಗಳು ಚಿತ್ರಕಾರರು ಬರೆಯುತ್ತಿದ್ದಂತೆ ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡಿರಲಿಲ್ಲ. ಹೊಟ್ಟೆಯ ಕೆಳಗೆ ಒಟ್ಟಾಗಿ ಮಡಿಸಿಕೊಂಡಿದ್ದವು! ಶತಮಾನಗಳ ಕಾಲ ಮಹಾ ಚಿತ್ರಕಾರರು ತಪ್ಪಾಗಿ ಬರೆದದ್ದನ್ನು ಒಂದು ಸಾಲು ದಾರ ತಿದ್ದಿತು.

ಆದರೆ ಒಂದು ಓಟಕ್ಕೆ ಒಂದು ಸಾಲು ಕ್ಯಾಮೆರಾಗಳು ಬೇಕೆಂದರೆ ಕೆಲಸ ಸಾಗುವುದೆಂತು? ಫ್ರಾನ್ಸಿನ ಶರೀರಶಾಸ್ತ್ರಜ್ಞ ಮಾರೆ ಹಕ್ಕಿಗಳ ಹಾರಾಟವನ್ನು ಅರಿಯಲೆಂದು 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾ ಒಂದನ್ನು ರಚಿಸಿದರು. ಅದರ ಕುದುರೆ ಎಳೆದರೆ ಗುಂಡು ಹಾರುತ್ತಿರಲಿಲ್ಲ. ಒಂದು ಸೆಕೆಂಡಿಗೆ ಹನ್ನೆರಡು ಚಿತ್ರಗಳು ಮೂಡುತ್ತಿದ್ದವು. ಇನ್ನುಳಿದದ್ದು ಚಿತ್ರಗಳನ್ನು ಹೊರಬಲ್ಲ ಉದ್ದನೆಯ, ಬಳುಕುವ, ಪಾರದರ್ಶಕವಾದ ಪಟ್ಟಿ. ಅದು 1889ರಲ್ಲಿ ಈಸ್ಟ್‌ಮನ್ನರ ಸೆಲ್ಯುಲಾಯ್ಡ್ ಸುರುಳಿಯ ರೂಪದಲ್ಲಿ ಮಾರುಕಟ್ಟೆಗೆ ಬಂದಿತು. ಎಡಿಸನ್ನರ ಪ್ರಯೋಗಶಾಲೆಯಲ್ಲಿ ಡಿಕ್ಸನ್ ಎಂಬ ತಂತ್ರಜ್ಞರು ಅದನ್ನು 35 ಮಿಲಿಮೀಟರ್ ಅಗಲಕ್ಕೆ ಕತ್ತರಿಸಿ, ಒಂದು ಚಿತ್ರಕ್ಕೆ ಪ್ರತಿ ಅಂಚಿನಲ್ಲಿ ನಾಲ್ಕು ತೂತುಗಳಂತೆ ಕೊರೆದರು. ಆ ಅಳತೆಯೇ ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಸಿನಿಮಾದ ಅಳತೆಯಾಯಿತು. ಆದರೆ 1894ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಸಾರ್ವಜನಿಕರಿಗೆ ತೆರೆದ ಎಡಿಸನ್ನರ ಯಂತ್ರವು ಒಂದು ಮರದ ಪೆಟ್ಟಿಗೆ. ಮೇಲಿನ ಕಿಂಡಿಗೆ ಕಣ್ಣಿಟ್ಟು ಒಮ್ಮೆಗೆ ಒಬ್ಬನೇ ನೋಡಬೇಕಾಗಿತ್ತು.

ಎಲ್ಲರೂ ಒಟ್ಟಿಗೆ ಕುಳಿತು ನೋಡುವಂತೆ ಮಾಡಿದ ಕೀರ್ತಿ ಫ್ರಾನ್ಸಿನ ಲಿಯೋನ್ ನಗರದ ಅಗಸ್ಟ್ ಮತ್ತು ಲೂಯಿ ಲೂಮಿಯೇರ್ ಸಹೋದರರಿಗೆ ವಿಶೇಷವಾಗಿ ಸಲ್ಲುತ್ತದೆ. ಅವರು ಎದುರಿಸಿದ ತೊಡಕನ್ನು ಮಕ್ಕಳಿಗೆ ತಿಳಿಸಲು ಊರಿನ ದರ್ಜಿಯ ಅಂಗಡಿಗಿಂತ ಉತ್ತಮವಾದ ಪಾಠಶಾಲೆ ಇನ್ನೊಂದಿಲ್ಲ. ಹೊಲಿಗೆಯ ಯಂತ್ರದಲ್ಲಿ ಸೂಜಿ ಬಟ್ಟೆಯೊಳಗಿರುವಾಗ ಬಟ್ಟೆ ನಿಂತಿರುತ್ತದೆ. ಸೂಜಿ ಮೇಲೆದ್ದೊಡನೆ ಬಟ್ಟೆ ಒಂದು ಹೊಲಿಗೆಯಷ್ಟು ಮುಂದೆ ಸರಿದು ಮತ್ತೆ ನಿಲ್ಲುತ್ತದೆ. ಫಿಲ್ಮಿನ ಪಟ್ಟಿಯೂ ಹೀಗೆಯೇ ನಿಂತು ಸರಿದು, ನಿಂತು ಸರಿದು ಸಾಗಬೇಕು. ನಿಲ್ಲದೆ ಓಡಿದರೆ ತೆರೆಯ ಮೇಲೆ ಬರೀ ಗೆರೆಗಳು ಕಾಣುತ್ತವೆ. ಈ ಹೊಲಿಗೆಯ ಯಂತ್ರದ ನಡೆಯೇ ಲೂಯಿ ಲೂಮಿಯೇರ್ ಅವರಿಗೆ ದಾರಿ ತೋರಿತು. ಪಟ್ಟಿ ಸರಿಯುವ ಕ್ಷಣದಲ್ಲಿ ದೀಪಕ್ಕೆ ಅಡ್ಡಲಾಗಿ ಒಂದು ಮುಚ್ಚಳ ಬರುತ್ತದೆ, ತೆರೆ ಕತ್ತಲಾಗುತ್ತದೆ; ಪಟ್ಟಿ ನಿಂತೊಡನೆ ಮುಚ್ಚಳ ತೆರೆದು ಮುಂದಿನ ಚಿತ್ರ ಬೆಳಗುತ್ತದೆ.

"ಹಾಗಾದರೆ ಆ ಕತ್ತಲೆ ನಮಗೇಕೆ ಕಾಣುವುದಿಲ್ಲ, ಗುರುಗಳೇ?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳದಿರಲಾರಳು. ಅದು ಅತಿ ಶೀಘ್ರವಾಗಿ ಬಂದು ಹೋಗುವುದರಿಂದ ಮನಸ್ಸು ಅದನ್ನು ಲೆಕ್ಕಕ್ಕಿಟ್ಟುಕೊಳ್ಳುವುದಿಲ್ಲ. ರೀಲಿನ ಯಂತ್ರದಲ್ಲಿ ಎರಡು ಗಂಟೆಗಳ ಸಿನಿಮಾ ನೋಡಿದವರು ಹೆಚ್ಚುಕಡಿಮೆ ಅರ್ಧದಷ್ಟು ಕಾಲ ಬರಿಯ ಕತ್ತಲೆಯನ್ನೇ ನೋಡಿರುತ್ತಿದ್ದರು, ಆದರೂ ಅದರ ಅರಿವಾಗದೆ ಮನೆಗೆ ಮರಳುತ್ತಿದ್ದರು! ಈ ಮಾತನ್ನು ಕೇಳಿದ ಮಕ್ಕಳ ಮುಖದಲ್ಲಿ ಮೂಡುವ ಬೆರಗೇ ಪಾಠದ ಸಾರ್ಥಕತೆ.

1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರ್ಯಾಂಡ್ ಕೆಫೆಯ ನೆಲಮಾಳಿಗೆಯಲ್ಲಿ ಲೂಮಿಯೇರ್ ಸಹೋದರರ ಹತ್ತು ಚಿಕ್ಕ ಚಿತ್ರಗಳ ಪ್ರದರ್ಶನ ನಡೆಯಿತು. ಮೊದಲ ಆಟಕ್ಕೆ ಹಣ ಕೊಟ್ಟು ಬಂದವರು 33 ಜನ. ಒಂದೊಂದು ಚಿತ್ರವೂ ಒಂದು ನಿಮಿಷಕ್ಕಿಂತ ಕಡಿಮೆ. ಕಾರ್ಖಾನೆಯಿಂದ ಕಾರ್ಮಿಕರು ಹೊರಬರುವುದು, ಒಂದು ಮಗುವಿಗೆ ತಂದೆತಾಯಿಗಳು ಉಣಿಸುವುದು, ಇವೇ ವಸ್ತುಗಳು. ರೈಲು ಬರುವುದನ್ನು ತೆರೆಯ ಮೇಲೆ ಕಂಡ ಜನ ಹೆದರಿ ಎದ್ದು ಓಡಿದರೆಂಬ ಕಥೆಯನ್ನು ಅನೇಕರು ಹೇಳುತ್ತಾರೆ. ಆದರೆ ಆ ದಿನದ ಹತ್ತು ಚಿತ್ರಗಳಲ್ಲಿ ರೈಲಿನ ಚಿತ್ರ ಇರಲೇ ಇಲ್ಲ. ಆಮೇಲಿನ ಆಟಗಳಲ್ಲಿಯೂ ಜನ ಓಡಿದ್ದಕ್ಕೆ ಆ ಕಾಲದ ಗಟ್ಟಿಯಾದ ಆಧಾರವಿಲ್ಲ. ಸೊಗಸಾದ ಕಥೆಯೆಲ್ಲ ಚರಿತ್ರೆಯಲ್ಲವೆಂಬ ವಿವೇಕವನ್ನೂ ಮಕ್ಕಳಿಗೆ ಇಲ್ಲಿಯೇ ಹೇಳಿಕೊಡಬಹುದು. ಮಗು ಉಣ್ಣುವ ಚಿತ್ರದಲ್ಲಿ ಹಿಂದುಗಡೆಯ ಗಿಡಗಳ ಎಲೆಗಳು ಗಾಳಿಗೆ ಅಲುಗಾಡುತ್ತಿದ್ದುದನ್ನು ಕಂಡು ಅಂದಿನ ಜನ ಬೆರಗಾದರೆಂಬ ಸಂಗತಿ ಅದಕ್ಕಿಂತಲೂ ಮನೋಹರವಾದದ್ದು.

ಈಗ ಬಾಲಕನ ಮೊದಲ ಪ್ರಶ್ನೆಗೆ ಮರಳಿದರೆ, ಕಂಡುಹಿಡಿದವರು ಯಾರು? ಲೂಮಿಯೇರರಿಗೆ ಎರಡು ತಿಂಗಳ ಮೊದಲೇ ಬರ್ಲಿನ್ನಿನಲ್ಲಿ ಸ್ಕ್ಲಾಡನೋವ್‌ಸ್ಕಿ ಸಹೋದರರು ಹಣ ಕೊಟ್ಟ ಪ್ರೇಕ್ಷಕರಿಗೆ ಚಿತ್ರ ತೋರಿಸಿದ್ದರು. ಅದಕ್ಕೂ ಏಳು ವರ್ಷ ಹಿಂದೆ, 1888ರಲ್ಲಿ, ಇಂಗ್ಲೆಂಡಿನ ಲೀಡ್ಸ್ ನಗರದ ಒಂದು ತೋಟದಲ್ಲಿ ಲೂಯಿ ಲ ಪ್ರಿನ್ಸ್ ಚಿತ್ರ ತೆಗೆದಿದ್ದರು. 1890ರಲ್ಲಿ ಫ್ರಾನ್ಸಿನಲ್ಲಿ ರೈಲು ಹತ್ತಿದ ಅವರು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ವೈದ್ಯ, ಅಂಧ ವಿಜ್ಞಾನಿ, ಚಿತ್ರಕಾರ, ಕುದುರೆಯ ಒಡೆಯ, ತೂತು ಕೊರೆದ ತಂತ್ರಜ್ಞ, ಇವರೆಲ್ಲರ ಕೈಗಳೂ ಸೇರಿದ ಕಾರ್ಯಕ್ಕೆ ಒಂದೇ ಹೆಸರನ್ನು ಬರೆಸಿ ಒಂದು ಅಂಕ ಕೊಡುವುದು ನ್ಯಾಯವಲ್ಲ. ಲೋಕದ ದೊಡ್ಡ ಕೆಲಸಗಳು ಬಹುಜನರ ದುಡಿಮೆಯಿಂದ ಆಗುತ್ತವೆಂಬ ಪಾಠವನ್ನು ಇಷ್ಟು ಸ್ಪಷ್ಟವಾಗಿ ಕಲಿಸಬಲ್ಲ ಉದಾಹರಣೆಗಳು ವಿರಳ.

ಲೂಮಿಯೇರರ ಯಂತ್ರ ಭಾರತಕ್ಕೆ ಬರಲು ಏಳು ತಿಂಗಳೂ ಹಿಡಿಯಲಿಲ್ಲ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ಸ್ ಹೋಟೆಲಿನಲ್ಲಿ ಅದರ ಪ್ರದರ್ಶನವಾಯಿತು. ಆದರೆ ಭಾರತೀಯರ ಕಥೆಯನ್ನು ಭಾರತೀಯರೇ ಪೂರ್ಣವಾದ ಚಿತ್ರವನ್ನಾಗಿ ಮಾಡಬೇಕೆಂಬ ಹಂಬಲವನ್ನು ಹೊತ್ತವರು ನಾಸಿಕದ ಸಮೀಪದ ತ್ರ್ಯಂಬಕೇಶ್ವರದಲ್ಲಿ ಜನಿಸಿದ ದಾದಾಸಾಹೇಬ ಫಾಲ್ಕೆಯವರು. 1912ರಲ್ಲಿ ಲಂಡನ್ನಿಗೆ ಹೋಗಿ ಕೆಲಸ ಕಲಿತು, ಕ್ಯಾಮೆರಾ ಕೊಂಡು ಮರಳಿದ ಅವರು, ಹಣ ಹಾಕುವವರಿಗೆ ನಂಬಿಕೆ ಬರಲೆಂದು ಮೊದಲು ಮಾಡಿದ್ದು ಬಟಾಣಿ ಗಿಡದ ಚಿತ್ರವನ್ನು. ಕುಂಡದಲ್ಲಿ ಬೀಜ ಬಿತ್ತಿ, ಕ್ಯಾಮೆರಾವನ್ನು ಅದರ ಮುಂದಿಟ್ಟು, ಒಂದು ತಿಂಗಳಿಗೂ ಹೆಚ್ಚು ಕಾಲ ದಿನದಿನವೂ ಚಿತ್ರ ಹಿಡಿದು ಜೋಡಿಸಿದರು. ತೆರೆಯ ಮೇಲೆ ಬೀಜ ಮೊಳೆತು ಗಿಡವಾಗಿ ಬೆಳೆಯಿತು. ಮಕ್ಕಳ ಪಾಠಕ್ಕೆ ಇದಕ್ಕಿಂತ ಒಪ್ಪುವ ಚಿತ್ರ ಬೇರೆ ಇರಲಾರದು.

ಅನಂತರ ಬಂದದ್ದು 'ರಾಜಾ ಹರಿಶ್ಚಂದ್ರ'. ರಾಘವಾಂಕನಿಂದಾಗಿ ಕನ್ನಡಿಗರಿಗೆ ಚಿರಪರಿಚಿತವಾದ ಆ ಸತ್ಯಸಂಧನ ಕಥೆ 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಅಂದು ಸಿನಿಮಾದಲ್ಲಿ ಅಭಿನಯಿಸಲು ಸ್ತ್ರೀಯರು ಮುಂದೆ ಬರಲಿಲ್ಲ. ಉಪಾಹಾರಗೃಹದಲ್ಲಿ ಅಡಿಗೆಯ ಕೆಲಸಕ್ಕಿದ್ದ ಸಾಳುಂಕೆ ಎಂಬ ತರುಣ ತಾರಾಮತಿಯಾದರು. ಫಾಲ್ಕೆಯವರ ಮಗನೇ ರೋಹಿತಾಶ್ವನಾದ. ಪತ್ನಿ ಸರಸ್ವತೀಬಾಯಿಯವರು ಒಡವೆಗಳನ್ನು ಒತ್ತೆಗೆ ಕೊಟ್ಟರು, ಫಿಲ್ಮಿಗೆ ತೂತು ಕೊರೆದರು, ಅದನ್ನು ಸಂಸ್ಕರಿಸಲು ಕಲಿತರು, ಕೆಲಸದವರೆಲ್ಲರಿಗೂ ಅಡಿಗೆ ಮಾಡಿ ಬಡಿಸಿದರು. ಚರಿತ್ರೆಯ ಪುಸ್ತಕ ಫಾಲ್ಕೆಯವರನ್ನು ಭಾರತೀಯ ಚಲನಚಿತ್ರದ ಪಿತಾಮಹರೆನ್ನುತ್ತದೆ. ಸರಸ್ವತೀಬಾಯಿಯವರ ಹೆಸರನ್ನೂ ಮಕ್ಕಳಿಗೆ ಹೇಳುವುದು ಉಪಾಧ್ಯಾಯರ ಕರ್ತವ್ಯ.

ಚಿತ್ರಕ್ಕೆ ಮಾತು ಬಂದದ್ದು ಆಮೇಲೆ. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' ತೆರೆಕಂಡಿತು. ಮೂರು ವರ್ಷಗಳ ಬಳಿಕ, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕನ್ನಡದಲ್ಲಿ ಮಾತಾಡಿತು. ಆ ಚಿತ್ರ 'ಸತಿ ಸುಲೋಚನ'. ವೈ. ವಿ. ರಾವ್ ನಿರ್ದೇಶಿಸಿದರು. ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ, ಆರ್. ನಾಗೇಂದ್ರರಾಯರು ರಾವಣನಾಗಿ, ತ್ರಿಪುರಾಂಬ ಸುಲೋಚನೆಯಾಗಿ ಅಭಿನಯಿಸಿದರು. ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ. ವೃತ್ತಿರಂಗಭೂಮಿಯ ನಟರು ತಮ್ಮ ಕಂಠವನ್ನೂ ಕಲೆಯನ್ನೂ ಕನ್ನಡ ಸಿನಿಮಾಕ್ಕೆ ಧಾರೆಯೆರೆದು ಕೊಟ್ಟರು.

"ಆ ಸಿನಿಮಾ ತೋರಿಸಿರಿ, ಗುರುಗಳೇ" ಎಂದು ಮಕ್ಕಳು ಕೇಳುತ್ತಾರೆ. ತೋರಿಸುವುದು ಸಾಧ್ಯವಿಲ್ಲ. 'ಸತಿ ಸುಲೋಚನ'ದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. 'ಆಲಂ ಆರಾ' ಸಹ ಉಳಿದಿಲ್ಲ. 'ರಾಜಾ ಹರಿಶ್ಚಂದ್ರ'ದ ಕೆಲವು ಭಾಗಗಳು ಮಾತ್ರ ನೋಡಲು ದೊರೆಯುತ್ತವೆ. ನಮ್ಮ ದೇಶದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕಿದ ಮೂಕಚಿತ್ರಗಳಲ್ಲಿ ಬಹುಪಾಲು ಹೇಳಹೆಸರಿಲ್ಲದೆ ಹೋಗಿವೆ. ಅಂದಿನ ಫಿಲ್ಮು ಬೇಗನೆ ಬೆಂಕಿ ಹಿಡಿಯುವ ವಸ್ತು. ಸೆಕೆಯಲ್ಲಿ, ತೇವದಲ್ಲಿ ತಾನಾಗಿಯೇ ಕೊಳೆತು ಅಂಟಾಗುವ ವಸ್ತು. ಅದರ ಲೇಪದಲ್ಲಿ ಬೆಳ್ಳಿಯ ಅಂಶವಿದ್ದುದರಿಂದ ಆಟ ಮುಗಿದ ಹಳೆಯ ರೀಲುಗಳನ್ನು ಬೆಳ್ಳಿಗಾಗಿ ಮಾರಿದವರೂ ಉಂಟು. ಮುಂದೊಂದು ದಿನ ಇದನ್ನು ನೋಡಬಯಸುವ ಮಕ್ಕಳು ಹುಟ್ಟುತ್ತಾರೆಂಬ ಯೋಚನೆ ಯಾರಿಗೂ ಬರಲಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ಅಷ್ಟು ಹೊತ್ತಿಗೆ ಕಳೆದುದು ಕಳೆದುಹೋಗಿತ್ತು. ಶಿಲಾಶಾಸನ ಸಾವಿರ ವರ್ಷ ನಿಲ್ಲುವ ನಾಡಿನಲ್ಲಿ, ತಾಳೆಯೋಲೆಯನ್ನು ಬಟ್ಟೆಯಲ್ಲಿ ಸುತ್ತಿ ತಲೆಮಾರುಗಳ ಕಾಲ ಕಾಪಾಡಿದ ನಾಡಿನಲ್ಲಿ, ಕನ್ನಡದ ಮೊದಲ ಮಾತಿನ ಚಿತ್ರ ನೂರು ವರ್ಷವೂ ನಿಲ್ಲಲಿಲ್ಲವೆಂಬುದು ಆಲೋಚಿಸಬೇಕಾದ ಸಂಗತಿ.

ಆ ಬಳಿಕದ ಕಥೆ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರ ನೆನಪಿನಲ್ಲಿಯೇ ಇದೆ. ಜಾತ್ರೆಯ ಬಯಲಿನಲ್ಲಿ ಡೇರೆ ಹಾಕಿದ ಟೂರಿಂಗ್ ಟಾಕೀಸು, ಕತ್ತಲಾಗುವವರೆಗೆ ಆಟ ಆರಂಭವಾಗದ ಆ ಕಾತರ, ಮರಳಿನ ಮೇಲೆ ಕುಳಿತ ನೆಲದ ಟಿಕೇಟಿನ ಜನ, ರೀಲು ಬದಲಿಸುವಾಗ ಹೊತ್ತಿಕೊಳ್ಳುವ ದೀಪ. ಆ ದೀಪ ಹೊತ್ತಿದಾಗಲೆಲ್ಲ ಸಿನಿಮಾ ಒಂದು ಯಂತ್ರದಿಂದ ಬರುವ ವಸ್ತುವೆಂಬುದು ಮಕ್ಕಳಿಗೆ ತಾನಾಗಿಯೇ ತಿಳಿಯುತ್ತಿತ್ತು. ರೀಲು ಹರಿದರೆ ಶಿಳ್ಳೆ ಹಾಕುತ್ತಿದ್ದ ಹುಡುಗನಿಗೂ ಅದು ಹರಿಯಬಲ್ಲ ವಸ್ತುವೆಂಬ ಅರಿವಿತ್ತು. ಇಂದು ರೀಲಿಲ್ಲ, ತೂತಿಲ್ಲ, ಹರಿಯುವುದೂ ಇಲ್ಲ. ಚಿತ್ರಗಳು ಅಂಕಿಗಳ ರೂಪ ತಾಳಿ ಕಣ್ಣಿಗೆ ಕಾಣದಂತಾಗಿವೆ. ಅಂಗೈಯ ಗಾಜಿನ ಹಿಂದೆ ಏನು ನಡೆದಿದೆಯೆಂಬುದನ್ನು ಮಗುವಿಗೆ ತಿಳಿಸಿಕೊಡುವ ದೀಪ ಯಾವುದೂ ಹೊತ್ತುವುದಿಲ್ಲ. ಆ ದೀಪವನ್ನು ಈಗ ಉಪಾಧ್ಯಾಯರೇ ಹಚ್ಚಬೇಕು.

ಅದಕ್ಕೆ ನೋಟುಪುಸ್ತಕ ಒಂದೇ ಸಾಕು. 96 ಪುಟಗಳ ಪುಸ್ತಕದಲ್ಲಿ 48 ಹಾಳೆಗಳಿರುತ್ತವೆ. ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಚೆಂಡನ್ನು, ಹಿಂದಿನದಕ್ಕಿಂತ ಕೊಂಚ ಮೇಲೆ ಅಥವಾ ಕೆಳಗೆ ಬರೆಯುತ್ತ ಹೋಗಿ ಹೆಬ್ಬೆರಳಿನಿಂದ ಹಾಳೆಗಳನ್ನು ಸರ್ರನೆ ಬಿಟ್ಟರೆ ಚೆಂಡು ಪುಟಿಯುತ್ತದೆ. ಸಿನಿಮಾದ ಲೆಕ್ಕದಲ್ಲಿ ಸೆಕೆಂಡಿಗೆ 24 ಚಿತ್ರಗಳು. ಆದ್ದರಿಂದ ಒಂದು ಇಡೀ ಪುಸ್ತಕದ ದುಡಿಮೆ ಎರಡೇ ಸೆಕೆಂಡುಗಳ ಸಿನಿಮಾ. ಎರಡು ಗಂಟೆಗಳ ಚಿತ್ರಕ್ಕೆ 1,72,800 ಚಿತ್ರಗಳು, ಅಂದರೆ 3,600 ನೋಟುಪುಸ್ತಕಗಳು ಬೇಕು. ಈ ಲೆಕ್ಕವನ್ನು ಮಕ್ಕಳೇ ಮಾಡಲಿ. ಒಂದು ಸಂಜೆ ಕುಳಿತು 48 ಚೆಂಡುಗಳನ್ನು ಬರೆದ ಮಗು ಮರುದಿನದಿಂದ ತೆರೆಯನ್ನು ನೋಡುವ ಬಗೆಯೇ ಬದಲಾಗುತ್ತದೆ. ಇದನ್ನು ಯಾರೋ ಬರೆದಿದ್ದಾರೆ, ಯಾರೋ ಜೋಡಿಸಿದ್ದಾರೆ, ಜೋಡಿಸುವಾಗ ಏನನ್ನೋ ಬಿಟ್ಟಿದ್ದಾರೆ ಎಂಬ ವಿವೇಕ ಅದರಲ್ಲಿ ಮೂಡುತ್ತದೆ. ಕಂಡದ್ದೆಲ್ಲ ಸತ್ಯವೆಂದು ನಂಬದಿರುವುದಕ್ಕೆ, ಕಂಡದ್ದನ್ನು ಮಾಡಿದವರ ಶ್ರಮವನ್ನು ಗೌರವಿಸುವುದಕ್ಕೆ, ಎರಡಕ್ಕೂ ಆ ವಿವೇಕವೇ ತಳಹದಿ.

ಶಾಲೆಗೆ ದೊಡ್ಡ ತೆರೆಯನ್ನೂ ಯಂತ್ರವನ್ನೂ ಒದಗಿಸಬಲ್ಲ ದಾನಿಗಳಿದ್ದರೆ ಅದು ಮಕ್ಕಳ ಭಾಗ್ಯ. ಅದರ ಜೊತೆಯಲ್ಲಿ ರಟ್ಟು, ದಾರ, ನೋಟುಪುಸ್ತಕಗಳೂ ಇರಲಿ. ಹಳೆಯ ವಿದ್ಯಾರ್ಥಿಗಳ ಮನೆಯ ಅಟ್ಟದ ಮೇಲೆ ಎಂದೋ ಕೊಂಡ ಸಿನಿಮಾ ಹಾಡಿನ ಪುಸ್ತಕ, ಹಳೆಯ ಪ್ರಚಾರಚಿತ್ರ, ಒಂದು ತುಂಡು ಫಿಲ್ಮು ಬಿದ್ದಿದ್ದರೆ ಅದನ್ನು ಒಲೆಗೆ ಹಾಕದೆ ಶಾಲೆಗೆ ತಂದು ಕೊಡಲಿ. ಫಿಲ್ಮಿನ ಆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದರ ಕೆಳಗೊಂದು ನಿಂತ ಪುಟ್ಟ ಚಿತ್ರಗಳನ್ನು ಎಣಿಸುವ ಮಗುವಿಗೆ ಬೇರೆ ಪಾಠವೇ ಬೇಕಾಗದು.